ಡಾಗ್ ಶೋ ರಿಂಗ್‌ನಲ್ಲಿ ಎರಡು ನಿಮಿಷ: ನಾಯಿ ಜೊತೆ ನೀವೂ ಕಲಿಯಬೇಕಾದ್ದು

ನಮ್ಮ ಗಂಗಿ ಮುಧೋಳ ತಳಿಯ ಹೆಣ್ಣುನಾಯಿ. ಮೊದಲ ಸಲ ಶೋಗೆ ಕರೆದುಕೊಂಡು ಹೋದಾಗ ಅವಳಿಗೆ 14 ತಿಂಗಳು. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೇರಿದ ಹೊಟ್ಟೆ, ತುದಿಯಲ್ಲಿ ಬಾಗಿದ ಬಾಲ, ಎಲ್ಲ ಇತ್ತು. ಗೆದ್ದೇ ಗೆಲ್ತಾಳೆ ಅಂದುಕೊಂಡಿದ್ದೆ. ಜಡ್ಜ್ ಹತ್ತಿರ ಬಂದು ಹಲ್ಲು ನೋಡೋಕೆ ಕೈ ಚಾಚಿದರು ಅಷ್ಟೇ, ಗಂಗಿ ಬಾಲ ಹೊಟ್ಟೆಗೆ ಅಂಟಿಸಿಕೊಂಡು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ನನ್ನ ಕಾಲ ಹಿಂದೆ ಸೇರಿಕೊಂಡಳು. ಓಡಿಸಿ ಅಂದರು. ನಾನು ಓಡಿದೆ, ಅವಳು ಕುಪ್ಪಳಿಸಿದಳು. ಎರಡು ನಿಮಿಷದಲ್ಲಿ ಕಥೆ ಮುಗೀತು.

ದಾರಿಯುದ್ದಕ್ಕೂ ಜಡ್ಜ್‌ಗೆ ಬೈದುಕೊಂಡು ಮನೆಗೆ ಬಂದೆ. ಆಮೇಲೆ ಭಾವಮೈದ ತೆಗೆದಿದ್ದ ವಿಡಿಯೋ ನೋಡಿದೆ. ಅದರಲ್ಲಿ ನಾಯಿ ಕಾಣಿಸೋದೇ ಇಲ್ಲ, ಬರೀ ನನ್ನ ಬೆನ್ನು. ಜಡ್ಜ್‌ಗೂ ನಾಯಿಗೂ ಮಧ್ಯೆ ನಾನೇ ಗೋಡೆ ಆಗಿ ನಿಂತಿದ್ದೆ.

ಜಡ್ಜ್ ನೋಡೋದು ನಾಯಿಯನ್ನು ತಳಿಯ ಮಾನದಂಡಕ್ಕೆ ಹೋಲಿಸಿ, ನಿಮ್ಮನ್ನಲ್ಲ. ಹೆಗಲ ಮೂಳೆಯ ಓರೆ ಸರಿ ಇಲ್ಲದ ನಾಯಿಗೆ ಯಾವ ಹ್ಯಾಂಡ್ಲರ್ (ರಿಂಗ್‌ನಲ್ಲಿ ನಾಯಿಯನ್ನು ನಡೆಸಿ ತೋರಿಸೋರು) ಬಂದರೂ ಒಳ್ಳೇ ಹೆಗಲು ಹಾಕಿ ಕೊಡೋಕೆ ಆಗಲ್ಲ. ಆದರೆ ಚೆನ್ನಾಗಿರೋ ನಾಯಿಯಲ್ಲಿ ಇಲ್ಲದ ತಪ್ಪನ್ನೆಲ್ಲ ತೋರಿಸೋದು ಮಾತ್ರ ಬಹಳ ಸುಲಭ. ಲೀಡ್, ಅಂದರೆ ಕೊರಳಿನ ಹಗ್ಗ, ಮೇಲಕ್ಕೆ ಎಳೆದು ಹಿಡಿದರೆ ಮುಂಗಾಲು ನೆಲಕ್ಕೆ ಸರಿಯಾಗಿ ಊರಲ್ಲ, ಓಡುವಾಗ ಕಾಲು ಅಡ್ಡಾದಿಡ್ಡಿ ಬೀಳುತ್ತೆ. ಹಿಂಗಾಲನ್ನು ತೀರಾ ಹಿಂದಕ್ಕೆ ಎಳೆದಿಟ್ಟರೆ ಬೆನ್ನು ಜಾರುಬಂಡೆ. ತೀರಾ ಮುಂದಕ್ಕೆ ಇಟ್ಟರೆ ಗೂನು. ನಾಯಿಯಲ್ಲಿ ಏನೂ ತಪ್ಪಿರಲ್ಲ, ಇಟ್ಟವರದ್ದು ತಪ್ಪು.

ಕಲಿಸೋಕೆ ಎಲ್ಲಿಂದ ಶುರು ಮಾಡಬೇಕು? ಎಲ್ಲರೂ ಓಟದಿಂದ ಶುರು ಮಾಡ್ತಾರೆ. ನನ್ನ ಕೇಳಿದರೆ ಮುಟ್ಟಿಸಿಕೊಳ್ಳೋದರಿಂದ ಶುರು ಮಾಡಿ, ಅದರಲ್ಲೂ ಮುಧೋಳ ಆದರೆ. ಇದು ಬಯಲಲ್ಲಿ ಮೊಲ ಅಟ್ಟಿಸಿಕೊಂಡು ಹೋಗೋಕೆ ಬೆಳೆದ ಬೇಟೆ ನಾಯಿ. ಕಣ್ಣಿಗೆ ಕಂಡಿದ್ದರ ಹಿಂದೆ ಓಡೋದು ಗೊತ್ತು, ಅಪರಿಚಿತರು ಬಂದು ಮೈ ತಡವಿದರೆ ಸುಮ್ನೆ ನಿಲ್ಲೋದು ಗೊತ್ತಿಲ್ಲ. ಲ್ಯಾಬ್ರಡಾರ್ ಸಾಕಿದವರಿಗೆ ಈ ಕಷ್ಟ ಅರ್ಥವೇ ಆಗಲ್ಲ ಬಿಡಿ, ಅವು ಜಡ್ಜ್ ಮುಖವನ್ನೇ ನೆಕ್ಕಿಬಿಡ್ತವೆ. ಹೊಲದ ಮನೆಯಲ್ಲಿ ನಾಲ್ಕೇ ಜನರನ್ನು ನೋಡಿ ಬೆಳೆದ ಮರಿಯನ್ನು ತಂದಿದ್ದರೆ ಇನ್ನೂ ಜಾಸ್ತಿ ದಿನ ಬೇಕು.

ದಿನಕ್ಕೆ ಐದು ನಿಮಿಷ ಸಾಕು. ಮೊದಲ ವಾರ ನೀವೇ. ಒಂದು ಕೈಯಲ್ಲಿ ಗದ್ದ ಹಿಡಿದು, ಇನ್ನೊಂದು ಕೈಯ ಬೆರಳಿಂದ ಮುಂದಿನ ತುಟಿ ಎತ್ತಿ ಹಲ್ಲು ನೋಡಿ, ತಕ್ಷಣ ಒಂದು ತುಂಡು ಬೇಯಿಸಿದ ಕೋಳಿ ಲಿವರ್ ಕೊಡಿ. ಆಮೇಲೆ ಪಕ್ಕದ ತುಟಿ, ಕಿವಿ, ಹೆಗಲು, ಬೆನ್ನು, ಹಿಂದೊಡೆ, ಬಾಲದ ಬುಡ. ಗಂಡುನಾಯಿ ಆದರೆ ಜಡ್ಜ್ ಎರಡೂ ಬೀಜ ಇಳಿದಿವೆಯಾ ಅಂತ ಮುಟ್ಟಿ ನೋಡ್ತಾರೆ, ಅದಕ್ಕೂ ಅಭ್ಯಾಸ ಮಾಡಿಸಿ. ಎರಡನೇ ವಾರದಿಂದ ಮನೆಯವರು, ಪಕ್ಕದ ಮನೆಯವರು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಯಾರು ಒಪ್ಪಿದರೆ ಅವರು. ಟೋಪಿ ಹಾಕಿದವರು, ಕನ್ನಡಕದವರು, ಗಟ್ಟಿ ಅತ್ತರು ಹಾಕಿಕೊಂಡವರು, ಎಲ್ಲ ಬೇಕು. ಅವರು ನೇರವಾಗಿ ತಲೆ ಮೇಲೆ ಕೈ ಇಡಬಾರದು. ಮೊದಲು ಕೈ ಮೂಸೋಕೆ ಬಿಡಲಿ, ಗದ್ದದ ಕೆಳಗಿಂದ ಮುಟ್ಟಲಿ. ಗಂಗಿ ಪರರ ಕೈಗೆ ಬಾಲ ಇಳಿಸದೆ ನಿಲ್ಲೋಕೆ ಪೂರ್ತಿ ಎರಡು ತಿಂಗಳು ತೆಗೆದುಕೊಂಡಳು. ಮಧ್ಯದಲ್ಲಿ ಒಂದು ದಿನ ಹಿಂದಕ್ಕೆ ಸರಿದಳು ಅಂತ ಗದರಿದೆ, ಒಂದು ವಾರದ ಕೆಲಸ ನೀರಲ್ಲಿ ಹೋಯಿತು.

ಇನ್ನು ನಿಲ್ಲಿಸೋದು. ಶೋ ಜನ ಸ್ಟ್ಯಾಕ್ ಮಾಡೋದು ಅಂತಾರೆ. ಎಡಗೈಯಲ್ಲಿ ಲೀಡ್, ಬಲಗೈ ಕೆಲಸಕ್ಕೆ ಅಂತ ಇಟ್ಟುಕೊಳ್ಳಬೇಡಿ, ಎರಡೂ ಕೈ ಬದಲಾಗ್ತಾ ಇರುತ್ತೆ. ಮೊದಲು ಒಂದು ಕೈಯಲ್ಲಿ ತಲೆ ಹಿಡಿದು ನೇರ ಮಾಡಿ. ತಲೆ ಅಲ್ಲಾಡಿದರೆ ಕೆಳಗಿನ ಕಾಲೆಲ್ಲ ಅಲ್ಲಾಡುತ್ತೆ. ಆಮೇಲೆ ಮುಂಗಾಲು. ಪಾದ ಹಿಡಿದು ಎಳೆದರೆ ನಾಯಿ ಕಾಲು ಕಿತ್ತುಕೊಳ್ಳುತ್ತೆ, ಮೊಣಕೈ ಹತ್ತಿರ ಹಿಡಿದು ಸ್ವಲ್ಪ ಎತ್ತಿ, ಹೆಗಲಿನ ನೇರಕ್ಕೆ ಕೆಳಗೆ ಇಳಿಸಿ. ಕಡೆಗೆ ಹಿಂಗಾಲು. ಅಲ್ಲಿ ಹಿಂದಕ್ಕೆ ಚಾಚಿಕೊಂಡಿರೋ ಕೀಲು ಇದೆಯಲ್ಲ, ಹಾಕ್ ಅಂತಾರೆ, ಅದರಿಂದ ನೆಲದವರೆಗಿನ ಭಾಗ ಗೋಡೆ ಹಾಗೆ ನೆಟ್ಟಗೆ ನಿಂತರೆ ಸರಿ. ಜರ್ಮನ್ ಶೆಫರ್ಡ್‌ಗೆ ಈ ಲೆಕ್ಕ ನಡೆಯಲ್ಲ, ಅದಕ್ಕೆ ಒಂದು ಹಿಂಗಾಲು ಮುಂದೆ ಒಂದು ಹಿಂದೆ. ಹಾಗಾಗಿ ಪಕ್ಕದವರನ್ನು ನೋಡಿ ಕಾಪಿ ಹೊಡೆಯೋ ಮುಂಚೆ ಅವರದು ಯಾವ ತಳಿ ನೋಡಿ.

ಫೋನನ್ನು ನಾಯಿಯ ಎದೆ ಎತ್ತರಕ್ಕೆ ಒಂದು ಸ್ಟೂಲ್ ಮೇಲೆ ಇಟ್ಟು ವಿಡಿಯೋ ಮಾಡಿ. ಮೇಲಿಂದ ಬಗ್ಗಿ ನೋಡಿದರೆ ನಿಮಗೆ ಎಲ್ಲ ಸರಿಯಾಗೇ ಕಾಣುತ್ತೆ, ಅದೇ ಮೋಸ. ಮನೆಯ ನುಣುಪು ಟೈಲ್ಸ್ ಮೇಲೆ ಮಾತ್ರ ಮಾಡಿಸಬೇಡಿ, ಕಾಲು ಜಾರಿದರೆ ನಾಯಿ ಮೈ ಬಿಗಿ ಮಾಡಿಕೊಳ್ಳೋದನ್ನೇ ಕಲಿಯುತ್ತೆ. ಕಾಲುಗಳು ಕೂತ ಮೇಲೆ ನಾಲ್ಕು ಸೆಕೆಂಡ್ ನಿಂತರೆ ಲಿವರ್. ಮುಂದಿನ ವಾರ ಹತ್ತು ಸೆಕೆಂಡ್. ಜಿಗಿದಾಗ ಕೊಟ್ಟರೆ ಜಿಗಿತಕ್ಕೇ ಸಂಬಳ ಕೊಟ್ಟ ಹಾಗೆ. (ಈ ತಿಂಡಿಗೆ ಶೋ ಭಾಷೆಯಲ್ಲಿ ಬೇಟ್ ಅಂತಾರೆ. ಹಲ್ಲು ಕೂಡೋ ರೀತಿಗೆ ಬೈಟ್ ಅಂತಾರೆ. ಜಡ್ಜ್ ಬೈಟ್ ತೋರಿಸಿ ಅಂದಾಗ ಜೇಬಿಂದ ಲಿವರ್ ತೆಗೆದು ತೋರಿಸಿದ ಮಹಾನುಭಾವರು ಇದ್ದಾರೆ. ಯಾರು ಅಂತ ಕೇಳಬೇಡಿ.)

ಓಟದಲ್ಲಿ ಸೋಲೋದು ಮುಖ್ಯವಾಗಿ ವೇಗ ಗೊತ್ತಿಲ್ಲದೆ. ನಾಯಿ ಟ್ರಾಟ್‌ನಲ್ಲಿ ಹೋಗಬೇಕು. ಅಂದರೆ ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ನೀವು ತೀರಾ ನಿಧಾನ ಆದರೆ ಅದು ಒಂಟೆ ಹಾಗೆ ಒಂದೇ ಪಕ್ಕದ ಎರಡೂ ಕಾಲನ್ನು ಒಟ್ಟಿಗೆ ಹಾಕಿ ತೂಗಾಡಿಕೊಂಡು ನಡೆಯುತ್ತೆ. ಜಾಸ್ತಿ ವೇಗ ಆದರೆ ಕುಪ್ಪಳಿಸುತ್ತೆ. ಮಧ್ಯದಲ್ಲಿ ಎಲ್ಲೋ ಒಂದು ವೇಗ ಇದೆ, ಅದು ಪ್ರತಿ ನಾಯಿಗೂ ಬೇರೆ. ಮೈದಾನದಲ್ಲಿ ಮೂರು ವೇಗದಲ್ಲಿ ಓಡಿ, ಯಾರ ಕೈಲಾದರೂ ಪಕ್ಕದಿಂದ ವಿಡಿಯೋ ಮಾಡಿಸಿ, ಆ ವಿಡಿಯೋವನ್ನು ನಿಧಾನಕ್ಕೆ ಓಡಿಸಿ ನೋಡಿ. ಸರಿಯಾದ ವೇಗ ಸಿಕ್ಕಿದ ಮೇಲೆ ನಿಮ್ಮ ಹೆಜ್ಜೆ ಎಣಿಸಿಕೊಳ್ಳಿ, ನಾಯಿಯ ಹೆಜ್ಜೆ ಅಲ್ಲ. ಒಂಟೆ ನಡಿಗೆಗೆ ಬಿದ್ದರೆ ಪೂರ್ತಿ ನಿಂತು, ಲೀಡ್ ಒಂದು ಚಿಟಿಕೆ ಎತ್ತಿ, ಸ್ವಲ್ಪ ಚುರುಕಾಗಿ ಮತ್ತೆ ಶುರು ಮಾಡಿ.

ರಿಂಗ್‌ನಲ್ಲಿ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತು ಹಾಕ್ತಾರೆ, ಜಡ್ಜ್ ಮಧ್ಯದಲ್ಲಿ. ನಾಯಿ ನಿಮ್ಮ ಎಡಕ್ಕೆ ಇದ್ದರೆ ತಾನಾಗೇ ಜಡ್ಜ್ ಕಣ್ಣಿಗೆ ಬೀಳುತ್ತೆ. ಆಮೇಲೆ ತ್ರಿಕೋನ ಓಡಿ ಅನ್ನಬಹುದು, ಅಥವಾ ನೇರ ಹೋಗಿ ವಾಪಸ್ ಬನ್ನಿ ಅನ್ನಬಹುದು. ಏನಂದರು ಅಂತ ಕೇಳಿಸದೆ ಸುಮ್ನೆ ಓಡಿದವರನ್ನು ಬಹಳ ನೋಡಿದ್ದೇನೆ. ನಿಮ್ಮ ಕ್ಲಾಸ್‌ಗೆ, ಅಂದರೆ ನಿಮ್ಮ ನಾಯಿಯ ಗುಂಪಿನ ಸರದಿಗೆ, ಮುಂಚೆ ಹೋಗಿ ಅದೇ ಜಡ್ಜ್ ಬೇರೆ ನಾಯಿಗಳನ್ನು ಹೇಗೆ ಓಡಿಸ್ತಿದ್ದಾರೆ ನೋಡಿಕೊಂಡಿರಿ, ಅರ್ಧ ಗಾಬರಿ ಅಲ್ಲೇ ಇಳಿಯುತ್ತೆ.

ಗಾಬರಿ ಅಂದೆನಲ್ಲ, ಅದು ಲೀಡ್ ಮೂಲಕವೇ ಇಳಿದು ಹೋಗುತ್ತೆ. ನಿಮ್ಮ ಮುಷ್ಟಿ ಬಿಗಿಯಾದರೆ ನಾಯಿ ಸುತ್ತಮುತ್ತ ಅಪಾಯ ಹುಡುಕುತ್ತೆ. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ಲೀಡನ್ನು ಎರಡು ಬೆರಳಲ್ಲಿ ಹಿಡಿದು ಓಡಿ. ಆಗಲೂ ನಾಯಿ ಜೊತೆಗೇ ಬಂದರೆ ನೀವು ತಯಾರು.

ಬಟ್ಟೆ ಬಗ್ಗೆ ಎರಡೇ ಮಾತು. ಕಂದು ನಾಯಿ ಹಿಂದೆ ಕಂದು ಪ್ಯಾಂಟ್ ಹಾಕಿದರೆ ಅದರ ಮೈರೇಖೆ ಕರಗಿ ಹೋಗುತ್ತೆ. ಹಾರಾಡುವ ದುಪಟ್ಟಾ, ಜೇಬಲ್ಲಿ ಝಣಝಣ ಚಿಲ್ಲರೆ, ಜಾರುವ ಶೂ ಬೇಡ.

ಹಣ ಕೊಟ್ಟು ಹ್ಯಾಂಡ್ಲರ್ ಇಟ್ಟುಕೊಳ್ಳೋದಾ? ಪೂಡಲ್ ತರ ಕೂದಲ ಕೆಲಸವೇ ಒಂದು ಕಸುಬಾಗಿರೋ ತಳಿಗೆ ನಾನು ಹೂಂ ಅಂತೀನಿ. ಮುಧೋಳಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಬೇಕಿರೋದು ನಂಬಿಕೆ. ಅದು ಶೋ ದಿನ ಬೆಳಿಗ್ಗೆ ಪರಿಚಯ ಆದವರ ಹತ್ತಿರ ಹುಟ್ಟಲ್ಲ. ಇಟ್ಟುಕೊಂಡರೂ ಕೆಲವು ವಾರ ಮುಂಚೆಯೇ ಅವರ ಕೈಯಲ್ಲಿ ನಾಯಿ ಓಡಾಡಲಿ.

ಮಕ್ಕಳ ಹ್ಯಾಂಡ್ಲಿಂಗ್ ಸ್ಪರ್ಧೆ ಇದ್ದರೆ ತಪ್ಪಿಸಬೇಡಿ. ನ್ಯೂಯಾರ್ಕ್‌ನ ವೆಸ್ಟ್‌ಮಿನ್‌ಸ್ಟರ್ ಶೋನಲ್ಲಿ 1934ರಿಂದಲೂ ಇಂಥದ್ದು ನಡೀತಿದೆ, ನಮ್ಮಲ್ಲೂ ಕೆಲವು ಶೋಗಳಲ್ಲಿ ಇರುತ್ತೆ. ಅಲ್ಲಿ ಅಂಕ ನಾಯಿಗಲ್ಲ, ಮಗು ನಡೆಸೋ ರೀತಿಗೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಜಡ್ಜ್ ಯಾವ ಕಡೆ ಸರಿದರೂ ನಾಯಿ ಮುಂದೆ ಅಡ್ಡ ಬರದೆ ತಾನು ಈಚೆ ಕಡೆಗೆ ಸರೀತಿದ್ದುದನ್ನು ನೋಡಿ ನನಗೆ ನಾಚಿಕೆ ಆಯಿತು.

ಶೋಗೆ ಫಾರಂ ತುಂಬುವಾಗ ಒಂದು ನೆನಪಿಡಿ: ತಳಿ ನಾಯಿಗಳನ್ನು ನೋಂದಾಯಿಸೋ ಕೆನಲ್ ಕ್ಲಬ್ ಆಫ್ ಇಂಡಿಯಾ ಪುಸ್ತಕದಲ್ಲಿ ನಮ್ಮ ಮುಧೋಳದ ಹೆಸರು ಕ್ಯಾರವಾನ್ ಹೌಂಡ್. ಮುಧೋಳ ಅಂತ ಹುಡುಕಿದರೆ ಸಿಗಲ್ಲ.

ಜಡ್ಜಿಂಗ್ ಪೂರ್ತಿ ಮುಗಿದ ಮೇಲೆ, ಅವರಿಗೆ ಬಿಡುವಿದ್ದರೆ, ಹೋಗಿ ಕೇಳಿ. ನನ್ನ ನಾಯಿಯಲ್ಲಿ ಏನು ತಪ್ಪು ಅಂತಲ್ಲ, ನಾನು ತೋರಿಸಿದ್ದರಲ್ಲಿ ಏನು ತಪ್ಪು ಅಂತ ಕೇಳಿ. ಮೂರನೇ ಶೋನಲ್ಲಿ ಗಂಗಿ ಎರಡನೇ ಸ್ಥಾನಕ್ಕೆ ಬಂದಾಗ ನಾನು ಹಾಗೆ ಕೇಳಿದೆ. ಆ ಜಡ್ಜ್ ನನ್ನ ಎಡಗೈ ಹಿಡಿದು ಒಂದು ಗೇಣು ಕೆಳಗೆ ಇಳಿಸಿ, "ಇಷ್ಟು ಸಾಕು ನೋಡಿ, ಅವಳ ಕಾಲು ನೆಲ ಮುಟ್ಟಲಿ" ಅಂದರು.