ಕುಸ್ವಾರ್ ಕಟ್ಟುವ ಬಗೆ: ಹಳೆಯ ಸೀರೆ, ಖಾಕಿ ಕಾಗದ, ಬಾಳೆನಾರು

ಡಿಸೆಂಬರ್ ಮಧ್ಯದ ಹೊತ್ತಿಗೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಕಿಡಿಯೊ, ಹೂರಣ ತುಂಬಿದ ನೆವ್ರಿ, ಪುಟ್ಟ ಉಂಡೆಯಂಥ ಗುಳಿಯೊ, ಮೈದಾದ ತುಕ್ಡಿ, ಚಕ್ಕುಲಿ, ರೋಸ್ ಕುಕ್ಕಿಸ್, ಅಕ್ಕಿ ಲಾಡು, ಪ್ಲಮ್ ಕೇಕ್ ಎಲ್ಲ ಸೇರಿದರೆ ಕುಸ್ವಾರ್, ಅಂದರೆ ಕ್ರಿಸ್‌ಮಸ್‌ಗೆ ಮಾಡಿ ಹಂಚುವ ತಿಂಡಿಗಳು. ಮನೆಮಂದಿಯೆಲ್ಲ ಸುತ್ತ ಕೂತು, ಫೋರ್ಕಿನ ಬೆನ್ನ ಮೇಲೆ ಒಂದೊಂದೇ ಕಿಡಿಯೊ ಉರುಳಿಸಿ, ಕರಿದು, ಸಕ್ಕರೆ ಪಾಕ ಹಿಡಿಸುತ್ತಾರೆ. ಇಷ್ಟು ಶ್ರಮ ಪಟ್ಟವರೇ ಕೊನೆಯ ಗಳಿಗೆಯಲ್ಲಿ ಅದನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ಸ್ಟೇಪ್ಲರ್ ಹೊಡೆದು, ಮೇಲೊಂದು ಮಿರುಗುವ ಕಾಗದ ಸುತ್ತಿ ನೆರೆಮನೆಗೆ ಕಳಿಸುವುದನ್ನು ಪ್ರತಿ ವರ್ಷ ನೋಡುತ್ತೇನೆ. ಮರುದಿನ ತೆರೆದರೆ ತುಕ್ಡಿ ಮೆತ್ತಗಾಗಿರುತ್ತದೆ, ರೋಸ್ ಕುಕ್ಕಿಸ್ ಪುಡಿಯಾಗಿರುತ್ತದೆ, ಕೇಕಿಗೆ ಚಕ್ಕುಲಿಯ ಖಾರದ ವಾಸನೆ ಹತ್ತಿರುತ್ತದೆ. ಮಾಡಿದ ಕೈಗಳಿಗೆ ಇದು ನ್ಯಾಯವಲ್ಲ.

ಚೆನ್ನಾಗಿ ಕಟ್ಟಲು ಅಂಗಡಿಗೆ ಹೋಗಬೇಕಾಗಿಲ್ಲ. ಬೇಕಾದುದೆಲ್ಲ ಕಪಾಟಿನಲ್ಲಿ, ಅಟ್ಟದಲ್ಲಿ, ಹಿತ್ತಲಿನಲ್ಲಿ ಇದೆ. ಕುಸ್ವಾರ್ ಮಾಡದವರೂ ಮನೆಯಲ್ಲೇ ಮಾಡಿದ ಕೇಕು, ಉಪ್ಪಿನಕಾಯಿ, ಪುನರ್ಪುಳಿ (ಕೋಕಂ) ಶರಬತ್ತುಗಳಿಗೆ ಇದೇ ಕ್ರಮ ಅನುಸರಿಸಬಹುದು.

ಮೊದಲು ಪೂರ್ತಿ ಆರಲಿ

ಹೆಚ್ಚಿನವರು ಎಡವುವುದು ಇಲ್ಲೇ. ಕರಿದ ತಿಂಡಿಯ ಹೊರಮೈ ಮುಟ್ಟಿದರೆ ತಣ್ಣಗಿರುತ್ತದೆ, ಒಳಗೆ ಬಿಸಿ ಉಳಿದಿರುತ್ತದೆ. ಮುಚ್ಚಳ ಹಾಕಿದ ಕೂಡಲೇ ಆ ಬಿಸಿ ಹಬೆಯಾಗಿ ಹೊರಬಂದು, ಡಬ್ಬಿಯ ಗೋಡೆಗೆ ತಾಗಿ ನೀರಾಗುತ್ತದೆ. ಗರಿಗರಿ ಹೋಗುವುದು ಹೀಗೆ. ನೆವ್ರಿಯ ವಿಷಯದಲ್ಲಂತೂ ಹೂರಣ ಬಹಳ ಹೊತ್ತು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಒಂದನ್ನು ಮುರಿದು ಹೂರಣವನ್ನು ತುಟಿಗೆ ತಾಗಿಸಿ ನೋಡಿ; ಬೆರಳಿಗೆ ತಿಳಿಯದ ಬಿಸಿ ತುಟಿಗೆ ತಿಳಿಯುತ್ತದೆ.

ತಿಂಡಿಯನ್ನು ತಟ್ಟೆಯಲ್ಲಿ ರಾಶಿ ಹಾಕಬೇಡಿ. ಗೆರಸೆ ಅಥವಾ ತಂತಿ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿದರೆ ಅಡಿಯಿಂದಲೂ ಗಾಳಿಯಾಡುತ್ತದೆ. ಮೂರು ನಾಲ್ಕು ಗಂಟೆ ಬಿಡಿ. ರಾತ್ರಿಯಿಡೀ ತೆರೆದಿಡುವುದು ಕರಾವಳಿಯಲ್ಲಿ ಸಲ್ಲದು. ಡಿಸೆಂಬರ್‌ನಲ್ಲೂ ಇಲ್ಲಿನ ರಾತ್ರಿಯ ಗಾಳಿಯಲ್ಲಿ ತೇವವಿರುತ್ತದೆ, ಸಕ್ಕರೆ ಹಿಡಿಸಿದ ಕಿಡಿಯೊ ಅದನ್ನು ಹೀರಿಕೊಂಡು ಬೆಳಗ್ಗೆ ಅಂಟಂಟಾಗುತ್ತದೆ. ಬೆಂಗಳೂರಿನ ಒಣ ಚಳಿಯಲ್ಲಿ ಈ ಕಾಟ ಕಡಿಮೆ.

ಆರಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಣಗಿದ ಗಾಜಿನ ಭರಣಿಗೆ ಒಂದು ಹಿಡಿ ಹಾಕಿ, ಮುಚ್ಚಳ ಬಿಗಿದು ಹತ್ತು ನಿಮಿಷ ಇಡಿ. ಗಾಜಿನ ಒಳಮೈ ಮಂಜುಗಟ್ಟಿದರೆ ಎಲ್ಲವನ್ನೂ ಇನ್ನೊಂದು ಗಂಟೆ ಹರಡಿಡಿ. ಪಾಕ ಹಿಡಿಸಿದ ತಿಂಡಿಯನ್ನು ಒಣ ಅಂಗೈಗಳ ನಡುವೆ ಉರುಳಿಸಿ ನೋಡಿ. ಕೈಗೆ ಅಂಟದಿದ್ದರೆ ಸಿದ್ಧ.

ಒಳಗಿನ ಪದರ

ಕೇಕನ್ನು ಕರಿದ ತಿಂಡಿಯ ಜೊತೆ ಇಡಲೇಬೇಡಿ. ಕೇಕಿನ ತೇವ ಕಿಡಿಯೊಗೆ ಹೋಗಿ ಅದು ಮೆತ್ತಗಾಗುತ್ತದೆ, ಇತ್ತ ಕೇಕು ಒಣಗುತ್ತದೆ. ಖಾರದ್ದನ್ನು ಸಿಹಿಯಿಂದ ದೂರವಿಡಿ. ಒಂದೇ ಡಬ್ಬಿಯಲ್ಲಿ ಕೊಡಲೇಬೇಕಾದರೆ ಪ್ರತಿಯೊಂದಕ್ಕೂ ಬಟರ್ ಪೇಪರಿನ ಬೇರೆ ಪೊಟ್ಟಣ ಮಾಡಿ. ಭಾರದ ಲಾಡು ಅಡಿಯಲ್ಲಿ, ತುಕ್ಡಿ ನಡುವೆ, ರೋಸ್ ಕುಕ್ಕಿಸ್ ಎಲ್ಲಕ್ಕಿಂತ ಮೇಲೆ. ಅದನ್ನು ನಾಲ್ಕಕ್ಕಿಂತ ಹೆಚ್ಚು ಪೇರಿಸಿದರೆ ಅಡಿಯದು ಉಳಿಯುವುದಿಲ್ಲ.

ದಿನಪತ್ರಿಕೆಯನ್ನು ತಿಂಡಿಗೆ ತಾಗಿಸಬಾರದು. ಎಣ್ಣೆ ಸೋಕಿದಾಗ ಮುದ್ರಣದ ಶಾಯಿ ಕರಗಿ ತಿಂಡಿಗೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನೂ ಇಡುವುದನ್ನೂ ನಿಷೇಧಿಸಿವೆ. ಹೊರಗಿನ ಹೊದಿಕೆಗೆ ಪತ್ರಿಕೆ ಬಳಸಿದರೆ ತೊಂದರೆಯಿಲ್ಲ. ಇನ್ನು ಸಿಹಿತಿಂಡಿ ಡಬ್ಬಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿತ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿದೆ. ಕೆಲವು ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ, ಕೊಳ್ಳಬೇಡಿ.

ಡಬ್ಬಿ

ಹಾಲಿನ ಪುಡಿಯ ತಗಡಿನ ಡಬ್ಬಿ, ಜಾಮ್ ಬಾಟಲಿ, ಬಿಸ್ಕತ್ತಿನ ಟಿನ್ನು ಎಲ್ಲಕ್ಕಿಂತ ಉತ್ತಮ. ತೊಳೆದು ಬಿಸಿಲಿಗಿಟ್ಟು ವಾಸನೆ ಹೋದ ಮೇಲೆ ತುಂಬಿ.

ರಟ್ಟಿನ ಪೆಟ್ಟಿಗೆಯಾದರೆ ಅದನ್ನು ಒಳಹೊರಗು ಮಾಡುವುದು ನನ್ನ ಇಷ್ಟದ ಉಪಾಯ. ಅವಲಕ್ಕಿಯದೋ, ಸೋಪಿನದಲ್ಲದ ಬೇರಾವುದೋ ಸಾಮಾನಿನದೋ ಪೆಟ್ಟಿಗೆಯ ಅಂಟಿಸಿದ ಬದಿಯನ್ನು ಚಾಕುವಿನ ಮೊಂಡು ಬದಿಯಿಂದ ಮೆಲ್ಲಗೆ ಬಿಡಿಸಿ, ಚಪ್ಪಟೆ ಮಾಡಿ, ಅದೇ ಮಡಿಕೆಗಳನ್ನು ಹಿಂದುಮುಂದಾಗಿ ಮಡಚಿ ಮತ್ತೆ ಅಂಟಿಸಿ. ಜಾಹೀರಾತು ಒಳಗೆ ಹೋಗಿ, ಬೂದು ಅಥವಾ ಕಂದು ಬಣ್ಣದ ಬರಿಯ ರಟ್ಟು ಹೊರಗೆ ಬರುತ್ತದೆ. ಮುದ್ರಿತ ಭಾಗ ಒಳಗಿರುವುದರಿಂದ ಬಟರ್ ಪೇಪರ್ ಹಾಸುವುದನ್ನು ಮರೆಯಬೇಡಿ. ಅಂಟಿಗೆ ಮೈದಾ ಗಂಜಿ ಸಾಕು. ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ತಿಂಡಿಯ ಪೆಟ್ಟಿಗೆಗೆ ಬೇಡ.

ಅಡಿಕೆ ಹಾಳೆಯ ತಟ್ಟೆಗಳೂ ಚೆಂದ. ಒಂದಕ್ಕೊಂದು ಎದುರುಬದುರಾಗಿ ಮುಚ್ಚಿ ಹುರಿಯಿಂದ ಕಟ್ಟಿದರೆ ಅದೇ ಡಬ್ಬಿ. ಕಪ್ಪು ಚುಕ್ಕೆ ಬಿದ್ದದ್ದನ್ನು ಎಸೆಯಿರಿ, ಅದು ಬೂಸ್ಟು.

ಸೀರೆಯ ಗಂಟು

ಬುತ್ತಿ ಗಂಟು ನಮಗೆ ಹೊಸದಲ್ಲ. ಜಪಾನಿನವರು ಇದೇ ಬಗೆಯಲ್ಲಿ ಚೌಕ ಬಟ್ಟೆಯಲ್ಲಿ ಕಟ್ಟುವುದನ್ನು ಫುರೋಷಿಕಿ ಎಂಬ ಹೆಸರಿನಲ್ಲಿ ಕಲೆಯಾಗಿಯೇ ಬೆಳೆಸಿದ್ದಾರೆ. ಉಡುಗೊರೆಗೆ ಇದಕ್ಕಿಂತ ಒಳ್ಳೆಯ ಹೊದಿಕೆ ನನಗೆ ಗೊತ್ತಿಲ್ಲ. ತಿಂಡಿ ಮುಗಿದ ಮೇಲೆ ಬಟ್ಟೆ ಅಡುಗೆಮನೆಗೆ ಉಳಿಯುತ್ತದೆ.

ಹತ್ತಿ ಸೀರೆಯೇ ಆಗಬೇಕು. ಪಾಲಿಯೆಸ್ಟರ್, ಶಿಫಾನ್ ನುಣುಪು, ಗಂಟು ಜಾರುತ್ತದೆ. ಫಾಲ್ ಬಿಚ್ಚಿ, ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಸವೆದು ತೆಳುವಾದ ಜಾಗ ಇದ್ದರೆ ಅದನ್ನು ಬಿಟ್ಟುಬಿಡಿ. 5.5 ಮೀಟರ್ ಉದ್ದ, 110 ಸೆಂಟಿಮೀಟರ್ ಅಗಲದ ಸೀರೆ ಎಲ್ಲಿಯೂ ಸವೆಯದಿದ್ದರೆ 55 ಸೆಂಟಿಮೀಟರಿನ 20 ಚೌಕಗಳು ಸಿಗುತ್ತವೆ. ಒಂದು ಸೀರೆಯಲ್ಲಿ ಬೀದಿಯ ಎಲ್ಲ ಮನೆಗಳೂ ಮುಗಿಯುತ್ತವೆ. ಸೆರಗಿನ ಭಾಗವನ್ನು ಹಿರಿಯರಿಗೆ ಕೊಡುವ ಡಬ್ಬಿಗೆ ಎತ್ತಿಡಿ.

ಕತ್ತರಿಸಬೇಡಿ, ಹರಿಯಿರಿ. ಅಂಚಿನಲ್ಲಿ ಕತ್ತರಿಯಿಂದ ಎರಡು ಸೆಂಟಿಮೀಟರ್ ಕಚ್ಚು ಮಾಡಿ ಎರಡೂ ಕೈಗಳಿಂದ ಎಳೆದರೆ ಹತ್ತಿ ನೂಲಿನ ಗುಂಟ ನೇರವಾಗಿ ಸೀಳುತ್ತದೆ. ಕತ್ತರಿಯ ಗೆರೆ ಅಷ್ಟು ನೇರ ಬರುವುದಿಲ್ಲ. ಜರಿ ಅಂಚಿನ ಬಳಿ ಮಾತ್ರ ಸೀಳು ನಿಲ್ಲುತ್ತದೆ, ಅಲ್ಲಿ ಕತ್ತರಿ ಬಳಸಿ. ಹರಿದ ಬದಿಯಿಂದ ನಾಲ್ಕೈದು ನೂಲು ಎಳೆದು ತೆಗೆದರೆ ಚಿಕ್ಕ ಕುಚ್ಚಿನ ಅಂಚು ಬರುತ್ತದೆ, ಹೊಲಿಗೆ ಬೇಡ. ತೊಳೆದ ಮೇಲೆ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ. ಮಡಿಕೆ ನಿಲ್ಲುತ್ತದೆ, ಗಂಟು ಎದ್ದು ಕಾಣುತ್ತದೆ. ತಿಳಿ ಬಣ್ಣದ ಬಟ್ಟೆಗೆ ಬೆಳ್ತಿಗೆ (ಬಿಳಿ) ಅಕ್ಕಿಯ ಗಂಜಿಯೇ ಆಗಬೇಕು. ಕುಚ್ಚಲಕ್ಕಿ ಗಂಜಿಯ ಕೆಂಪು ಹತ್ತುತ್ತದೆ.

ಈ ಅಳತೆಯ ಚೌಕಕ್ಕೆ 18 ಸೆಂಟಿಮೀಟರ್ ಉದ್ದ, 12 ಅಗಲ, 7 ಎತ್ತರದ ಡಬ್ಬಿ ಹೇಳಿ ಮಾಡಿಸಿದ್ದು. ಚೌಕದ ಕರ್ಣ ಸುಮಾರು 78 ಸೆಂಟಿಮೀಟರ್. ಡಬ್ಬಿಯ ಉದ್ದಕ್ಕೆ ಒಂದು ಸುತ್ತು ಬರಲು 50 ಬೇಕು, ಉಳಿದ 28ರಲ್ಲಿ ಎರಡು ತುದಿಗಳಿಗೆ ಹದಿನಾಲ್ಕು ಹದಿನಾಲ್ಕು. ಗಂಟಿಗೆ ಇಷ್ಟು ಇರಲೇಬೇಕು. ಡಬ್ಬಿ ದೊಡ್ಡದಾದರೆ ಇದೇ ಲೆಕ್ಕದಿಂದ ಬಟ್ಟೆಯ ಅಳತೆ ಹುಡುಕಿ.

ಬಟ್ಟೆಯ ಒಂದು ಮೂಲೆ ನಿಮ್ಮ ಕಡೆಗಿರುವಂತೆ ಹಾಸಿ. ಡಬ್ಬಿಯನ್ನು ನಡುವೆ, ಅದರ ಉದ್ದ ಎಡಬಲ ಮೂಲೆಗಳ ದಿಕ್ಕಿಗಿರುವಂತೆ ಇಡಿ. ನಿಮ್ಮ ಕಡೆಯ ಮೂಲೆಯನ್ನು ಡಬ್ಬಿಯ ಮೇಲೆ ಹಾಕಿ, ಹೆಚ್ಚಾದ ತುದಿಯನ್ನು ಒಳಕ್ಕೆ ಮಡಚಿ. ಎದುರಿನ ಮೂಲೆಯನ್ನೂ ಹಾಗೆಯೇ ತಂದು, ತುದಿ ಮಡಚಿ, ಅಂಚು ನೇರ ಮಾಡಿ. ಈಗ ಎಡಬಲದ ಮೂಲೆಗಳು. ಅವಸರದವರು ಇವನ್ನು ನೇರ ಎತ್ತಿ ಕಟ್ಟಿಬಿಡುತ್ತಾರೆ, ಬದಿಯಲ್ಲಿ ಬಟ್ಟೆ ಚೀಲದಂತೆ ಜೋಲುತ್ತದೆ. ಎತ್ತುವ ಮೊದಲು ಡಬ್ಬಿಯ ಬದಿಯಲ್ಲಿ ಸಡಿಲವಾಗಿರುವ ಬಟ್ಟೆಯನ್ನು ಎರಡೂ ಕಡೆಯಿಂದ ಬೆರಳುಗಳಿಂದ ಒಳಕ್ಕೆ ಒತ್ತಿ ನೆರಿಗೆ ಹಿಡಿಯಿರಿ, ಆ ಹಿಡಿತ ಬಿಡದೆ ಮೇಲಕ್ಕೆ ಎಳೆಯಿರಿ.

ಗಂಟು ಹೀಗೆ: ಬಲಗೈಯ ತುದಿಯನ್ನು ಎಡಗೈಯದರ ಮೇಲೆ ಹಾಯಿಸಿ, ಅಡಿಯಿಂದ ಸುತ್ತಿ ಬಿಗಿಯಿರಿ. ಎರಡನೆಯ ಸಲ ಎಡಗೈಗೆ ಬಂದ ತುದಿ ಮೇಲೆ ಹೋಗಬೇಕು. ಎರಡು ಸಲವೂ ಬಲದ್ದೇ ಮೇಲೆ ಹೋದರೆ ಗಂಟಿನ ಕಿವಿಗಳು ಡಬ್ಬಿಗೆ ಅಡ್ಡಡ್ಡ ನಿಲ್ಲುತ್ತವೆ, ಕೈಯಲ್ಲಿ ಹಿಡಿದು ನಡೆಯುವಾಗ ಸಡಿಲವೂ ಆಗುತ್ತದೆ. ಸರಿಯಾದ ಗಂಟಿನ ಕಿವಿಗಳು ಡಬ್ಬಿಯ ಉದ್ದಕ್ಕೇ ಮಲಗುತ್ತವೆ. ಬಿಚ್ಚಲು ಒಂದು ಕಿವಿಯನ್ನು ಹಿಂದಕ್ಕೆ ನೇರ ಎಳೆದರೆ ಸಾಕು. ಅಜ್ಜಿಯಂದಿರ ನೋಯುವ ಬೆರಳಿಗೂ ಇದು ಬಿಚ್ಚಲು ಬರುತ್ತದೆ.

ಶರಬತ್ತಿನ ಬಾಟಲಿ 20 ಸೆಂಟಿಮೀಟರಿನೊಳಗಿದ್ದರೆ ಇದೇ ಚೌಕ ಸಾಕು. ನಡುವೆ ನಿಲ್ಲಿಸಿ, ಎದುರುಬದುರು ಮೂಲೆಗಳನ್ನು ಮುಚ್ಚಳದ ಮೇಲೆ ಕಟ್ಟಿ, ಉಳಿದೆರಡನ್ನು ಹಿಂದೆ ಹಾಯಿಸಿ ಮುಂದಕ್ಕೆ ತಂದು ಕಟ್ಟಿ. ಎತ್ತರದ ಬಾಟಲಿಗೆ 75 ಸೆಂಟಿಮೀಟರ್ ಬಟ್ಟೆ ಬೇಕು.

ಕಾಗದವೇ ಬೇಕೆನ್ನುವವರಿಗೆ

ಜೂನ್‌ನಲ್ಲಿ ಮಕ್ಕಳ ಪುಸ್ತಕಗಳಿಗೆ ಬೈಂಡ್ ಹಾಕಿ ಉಳಿದ ಖಾಕಿ ಕಾಗದ ಇದ್ದೇ ಇರುತ್ತದೆ. ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನೂ ಆದೀತು. ಈಚೆಗೆ ಬರುವ ಖಾಕಿ ಸುರುಳಿಗಳಲ್ಲಿ ಹಲವಕ್ಕೆ ಪ್ಲಾಸ್ಟಿಕ್ ಲೇಪವಿದೆ. ಮಡಿಕೆ ನಿಲ್ಲುವುದಿಲ್ಲ, ಅಂಟು ಹಿಡಿಯುವುದಿಲ್ಲ. ಕೊಳ್ಳುವ ಮುನ್ನ ಮೂಲೆಯನ್ನು ಮುದುಡಿ ಬಿಡಿ. ತಾನಾಗಿ ಬಿಚ್ಚಿಕೊಂಡರೆ ವಾಪಸು ಕೊಡಿ. ಮಿರುಗು ಪುಡಿ ಹಚ್ಚಿದ ಉಡುಗೊರೆ ಕಾಗದವೂ ಬೇಡ. ಆ ಪುಡಿ ತಿಂಡಿಗೂ ಬೀಳುತ್ತದೆ.

ಕಾಗದ ಹೆಚ್ಚಾದಷ್ಟೂ ಮೂಲೆ ಕೆಡುತ್ತದೆ. ಮೇಲೆ ಹೇಳಿದ ಡಬ್ಬಿಗೆ 41 ಸೆಂಟಿಮೀಟರಿಗೆ 28 ಸಾಕು: ಸುತ್ತಳತೆ 38, ಜೋಡಣೆಗೆ 3, ಉದ್ದ 18, ಎರಡೂ ತುದಿಗೆ ಐದೈದು. ತುದಿಯ ಕಾಗದ ಡಬ್ಬಿಯ ಎತ್ತರದ ಮುಕ್ಕಾಲು ಭಾಗ ಮೀರಬಾರದು. ಮೊದಲು ಎಡಬಲದ ಕಿವಿಗಳನ್ನು ಒಳಕ್ಕೆ ತಳ್ಳಿ ಚಮಚದ ಹಿಡಿಯಿಂದ ಗೆರೆ ಉಜ್ಜಿ, ಬಳಿಕ ಮೇಲಿನದನ್ನು ಕೆಳಕ್ಕೆ, ಕಡೆಗೆ ಅಡಿಯದನ್ನು ಮೇಲಕ್ಕೆ ಮಡಚಿ ಅಂಟಿಸಿ. ಅಗ್ಗದ ಸೆಲೋಟೇಪ್ ಕರಾವಳಿಯ ತೇವಕ್ಕೆ ಎರಡೇ ದಿನದಲ್ಲಿ ಏಳುತ್ತದೆ. ಮೈದಾ ಅಂಟನ್ನು ತೆಳುವಾಗಿ ಹಚ್ಚಿ, ಪುಸ್ತಕದ ಭಾರ ಹೇರಿ ಒಣಗಿಸಿ. ಅರ್ಧ ಆಲೂಗಡ್ಡೆಯಲ್ಲಿ ನಕ್ಷತ್ರ ಕೊರೆದು ಮಕ್ಕಳ ಕೈಗೆ ಕೊಟ್ಟರೆ ಅಚ್ಚು ಅವರೇ ಹಾಕುತ್ತಾರೆ.

ಕಟ್ಟು ಮತ್ತು ಚೀಟಿ

ರಿಬ್ಬನ್ ಬದಲು ಬಾಳೆನಾರು. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಕಟ್ಟುವುದೂ ಇದರಿಂದಲೇ. ಒಣಗಿದ ಬಾಳೆದಿಂಡಿನ ಹೊರ ಪಟ್ಟೆಯನ್ನು ನೀರಲ್ಲಿ ನೆನೆಸಿ, ಸೀಳಿ, ಬಟ್ಟೆಯಲ್ಲಿ ಒರೆಸಿ, ಇನ್ನೂ ಮೆದುವಿರುವಾಗಲೇ ಕಟ್ಟಿ. ಪೂರ್ತಿ ಒಣಗಿದ ನಾರು ಬಾಗಿಸಿದಲ್ಲಿ ಮುರಿಯುತ್ತದೆ. ಗಂಟಿಗೆ ಗಾಳಿ ಮರದ ಚಿಗುರು, ಅದರ ಪುಟ್ಟ ಕಾಯಿ ಅಥವಾ ಒಂದು ದಾಲ್ಚಿನ್ನಿ ಚಕ್ಕೆ ಸಿಕ್ಕಿಸಿ.

ಚೀಟಿ ಅಲಂಕಾರಕ್ಕಲ್ಲ. ಕುಸ್ವಾರ್ ಹೋಗುವುದು ಎಲ್ಲ ಜಾತಿ ಧರ್ಮದ ಮನೆಗಳಿಗೆ. ಯಾವುದರಲ್ಲಿ ಮೊಟ್ಟೆ ಇದೆ, ಕೇಕಿಗೆ ರಮ್ ಅಥವಾ ವೈನ್ ಹಾಕಿದೆಯೇ, ಗೇರುಬೀಜ ಎಲ್ಲಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಸಸ್ಯಾಹಾರಿ ನೆರೆಯವರಿಗೆ ಮೊಟ್ಟೆಯಿಲ್ಲದ ತಿಂಡಿಯ ಡಬ್ಬಿಯನ್ನೇ ಬೇರೆ ಕಟ್ಟಿ. ‘ಇದರಲ್ಲಿ ಮೊಟ್ಟೆಯದೂ ಇದೆ, ಅದನ್ನು ಬಿಟ್ಟು ತಿನ್ನಿ’ ಎಂದು ಬಾಗಿಲಲ್ಲಿ ನಿಂತು ಹೇಳುವಂತಾಗಬಾರದು. ಹಸಿ ತೆಂಗಿನ ತುರಿಯ ತಿಂಡಿಯಿದ್ದರೆ ಎಷ್ಟು ದಿನದೊಳಗೆ ಮುಗಿಸಬೇಕೆಂಬುದನ್ನೂ ಸೇರಿಸಿ.

ಬೆಂಗಳೂರಿಗೋ ಮುಂಬೈಗೋ ಪಾರ್ಸೆಲ್ ಕಳಿಸುವುದಾದರೆ ಬಟ್ಟೆ ಕಟ್ಟಿದ ಡಬ್ಬಿಯನ್ನು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಪತ್ರಿಕೆಯ ಉಂಡೆಗಳನ್ನು ಒತ್ತಿ ತುಂಬಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಇನ್ನಷ್ಟು ತುಂಬಬೇಕು. ಕಿಡಿಯೊ, ತುಕ್ಡಿ, ಗುಳಿಯೊ ಪ್ರಯಾಣ ತಡೆಯುತ್ತವೆ. ರೋಸ್ ಕುಕ್ಕಿಸ್ ಮಾತ್ರ ಪಾರ್ಸೆಲ್‌ಗೆ ಹಾಕಬೇಡಿ. ಅದನ್ನು ನಡೆದು ಹೋಗಿ ಕೊಡಬಹುದಾದ ಮನೆಗಳಿಗಷ್ಟೇ ಕೊಡಿ.