ಪೋರ್ಟ್ ದು ಸೊಲೈ: ಹಳ್ಳಿಯಲ್ಲಿ ಉಳಿದು ಸ್ಕೀ ಮಾಡುವುದು ಹೇಗೆ?

ಆಲ್ಪ್ಸ್‌ಗೆ ಸ್ಕೀ ಮಾಡಲು ಹೋಗುವವರಲ್ಲಿ ಬಹಳ ಮಂದಿ ಗುಡ್ಡದ ಮೇಲಿನ ಅಪಾರ್ಟ್‌ಮೆಂಟ್‌ನಲ್ಲೇ ರೂಮು ಹಿಡಿಯುತ್ತಾರೆ. ಬಾಗಿಲು ತೆಗೆದರೆ ಹಿಮ, ಅನುಕೂಲ ನಿಜ. ಆದರೂ ಒಮ್ಮೆ ಕೆಳಗಿನ ಹಳ್ಳಿಯಲ್ಲಿ ಉಳಿದು ನೋಡಿ. ಕಲ್ಲುಹಾಸಿನ ಸೂರು, ಚರ್ಚಿನ ಗಂಟೆ, ವರ್ಷವಿಡೀ ಅಲ್ಲೇ ಬಾಳುವ ಜನ, ಇವೆಲ್ಲ ಮೇಲೆ ಸಿಗುವುದಿಲ್ಲ.

ಪೋರ್ಟ್ ದು ಸೊಲೈ ಇದಕ್ಕೆ ಹೇಳಿ ಮಾಡಿಸಿದ ಜಾಗ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಎರಡೂ ಕಡೆಯ 12 ಊರುಗಳು ಸೇರಿ ಸುಮಾರು 600 ಕಿ.ಮೀ. ಸ್ಕೀ ಹಾದಿ. ಆ ಊರುಗಳಲ್ಲೊಂದಾದ ಮೊರ್ಝಿನ್‌ನಲ್ಲಿ ಬೆಳೆದ ಝಾನ್ ವುಆರ್ನೆ 1960ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಗುಡ್ಡದ ಮೇಲೆ ಅವೊರಿಯಾ ಎಂಬ ಹೊಸ ಊರು ಕಟ್ಟಿಸುವುದರಲ್ಲೂ, ಈ ಊರುಗಳನ್ನು ಬೆಸೆಯುವುದರಲ್ಲೂ ಅವರದು ದೊಡ್ಡ ಪಾಲು.

ಮೊದಲು ಊರು ಆರಿಸಿ. ಮಕ್ಕಳಿದ್ದರೆ, ಈಗಷ್ಟೇ ಕಲಿಯುತ್ತಿದ್ದರೆ ಲೆ ಝೆ. ಅಂಗಡಿ, ಓಡಾಟ ಬೇಕಿದ್ದರೆ ಮೊರ್ಝಿನ್. ಸ್ವಿಟ್ಜರ್ಲೆಂಡ್ ಕಡೆ ಮರದ ಮನೆಗಳ ಶಾಂಪೇರಿ ಇದೆ, ಅಲ್ಲಿಗೆ ರೈಲೇ ಹೋಗುತ್ತದೆ. ಫ್ರಾನ್ಸ್ ಕಡೆಗೆ ಜಿನೀವಾ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಹಳ್ಳಿಗಳು ಇರುವುದು ಸುಮಾರು 1,000ದಿಂದ 1,200 ಮೀಟರ್ ಎತ್ತರದಲ್ಲಿ. ಬಿಸಿಲು ಏರಿದರೆ ಕೆಳಗಿನ ಹಿಮ ಬೇಗ ಕರಗುತ್ತದೆ. ಹಾಗಾಗಿ ಜನವರಿ ಒಳ್ಳೆಯದು. ಫೆಬ್ರವರಿಯಲ್ಲಿ ಫ್ರಾನ್ಸ್‌ನ ಶಾಲೆಗಳಿಗೆ ರಜೆ, ಗುಡ್ಡದ ಮೇಲೆ ಒಯ್ಯುವ ಲಿಫ್ಟ್ ಮುಂದೆ ಸಾಲು ಜಾಸ್ತಿ.

ಇನ್ನು ಲಿಫ್ಟ್ ಹತ್ತಲು ಬೇಕಾದ ಪಾಸ್. ಮೊದಲ ದಿನವೇ ಇಡೀ ಪ್ರದೇಶದ ಪಾಸ್ ಕೊಳ್ಳಬೇಡಿ. ಮೊರ್ಝಿನ್ ಮತ್ತು ಲೆ ಝೆ ಎರಡಕ್ಕೇ ಪಾಸ್ ಸಿಗುತ್ತದೆ, ಬೆಲೆಯೂ ಕಡಿಮೆ. ಕಾಲು ಪಳಗಿದ ಮೇಲೆ ದೊಡ್ಡದು ಕೊಳ್ಳಿ. ವಿಮೆಯಲ್ಲಿ ಹಿಮದ ಮೇಲಿನ ರಕ್ಷಣೆಯ ಖರ್ಚು ಸೇರಿದೆಯೇ ನೋಡಿಕೊಳ್ಳಿ. ಫ್ರಾನ್ಸ್‌ನಲ್ಲಿ ಗಾಯವಾದವರನ್ನು ಕೆಳಗಿಳಿಸಲು ದುಡ್ಡು ಕೇಳುತ್ತಾರೆ.

ದೂರ ಹೋಗುವ ದಿನ ನಕ್ಷೆ ಚೆನ್ನಾಗಿ ನೋಡಿ. ಎಲ್ಲವೂ ಜೋಡಣೆಯಾಗಿದೆ ಅಂದರೂ ಮೊರ್ಝಿನ್‌ನಲ್ಲಿ ಕೊಂಡಿ ತಪ್ಪುತ್ತದೆ. ಪ್ಲೆನೆ ಗುಡ್ಡದ ಕಡೆಯಿಂದ ಇಳಿದು, ಊರು ದಾಟಿ, ಸೂಪರ್ ಮೊರ್ಝಿನ್ ಗೊಂಡೊಲಾ (ತಂತಿಗೆ ತೂಗಿ ಸಾಗುವ ಮುಚ್ಚಿದ ಡಬ್ಬಿ) ಹತ್ತಿದರೆ ಅವೊರಿಯಾ ದಾರಿ. ಅಲ್ಲಿಂದ ಮುಂದೆ ಗಡಿಯಲ್ಲಿ ಪಾ ದ ಶಾವನೆಟ್ ಸಿಗುತ್ತದೆ. ಗೋಡೆಯಂಥ ಇಳಿಜಾರು. ಭಯವಾದರೆ ಸುಮ್ನೆ ಚೇರ್‌ಲಿಫ್ಟ್‌ನಲ್ಲೇ ಕೂತು ಇಳಿಯಿರಿ, ಹಾಗೆ ಇಳಿಯುವವರು ಬೇಕಾದಷ್ಟು ಜನ. ಷೆಂಗನ್ ವೀಸಾ ಎರಡೂ ದೇಶಕ್ಕೆ ನಡೆಯುತ್ತದೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ಎಲ್ಲಕ್ಕಿಂತ ಮುಖ್ಯ ಗಡಿಯಾರ. ವಾಪಸ್ ಬರುವ ಕೊನೆಯ ಲಿಫ್ಟ್ ಎಷ್ಟಕ್ಕೆ ಮುಚ್ಚುತ್ತದೆ ಎಂದು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ತಪ್ಪಿದರೆ ಬೆಟ್ಟ ಸುತ್ತಿ ಟ್ಯಾಕ್ಸಿಯಲ್ಲೇ ಬರಬೇಕು, ಬಿಲ್ಲು ನೆನಪಿನಲ್ಲಿ ಉಳಿಯುತ್ತದೆ.

ಸಂಜೆ ಊಟಕ್ಕೆ ಹಳ್ಳಿಯೊಳಗೇ ಹೋಗಿ. ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಿನ್ನಿ. ಆಲೂಗಡ್ಡೆ, ಚೀಸ್ ಕಾಣುವ ಟಾರ್ಟಿಫ್ಲೆಟ್‌ನಲ್ಲಿ ಹಂದಿಮಾಂಸದ ಚೂರು ಇರುತ್ತದೆ. ಪಕ್ಕದ ಕಣಿವೆಯ ಹೆಸರಾಂತ ಅಬೊಂಡಾನ್ಸ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಕರಗಿಸಿದ ಚೀಸ್‌ನ ಫಾಂಡ್ಯೂಗೆ ಬಿಳಿ ವೈನ್ ಬೀಳುತ್ತದೆ. ಇದೆಲ್ಲ ಅಡ್ಡಿಯಿಲ್ಲ ಅನ್ನುವವರು ಅದೇ ಅಬೊಂಡಾನ್ಸ್ ಚೀಸ್ ಕರಗಿಸಿ ಮಾಡುವ ಬೆರ್ತೂ ತರಿಸಿ, ಬಿಸಿಬಿಸಿ ಇರುವಾಗಲೇ ತಿನ್ನಿ.