ಯಾವುದು ಮೊದಲು? ವಾರ್ಡಿನಿಂದ ಎತ್ತಿಕೊಂಡ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಗೈಡಿನ ಪ್ರಶ್ನೆಗಳನ್ನು ಬಿಟ್ಟು ನಾನೇ ಬರೆಯಲು ಶುರುಮಾಡಿ ಸುಮಾರು ಕಾಲವಾಯಿತು. ದೊಡ್ಡವರ ನಾಡಿ ಬಡಿತ ಎಷ್ಟಿರಬೇಕು ಅಂತ ಗೈಡು ಕೇಳುತ್ತದೆ. ನಿಮಿಷಕ್ಕೆ 60ರಿಂದ 100 ಅಂತ ಮಕ್ಕಳು ಥಟ್ಟನೆ ಹೇಳುತ್ತಾರೆ. ವಾರ್ಡಿನಲ್ಲಿ ಹಾಗಿರುವುದಿಲ್ಲ ಅಲ್ವಾ? ನಾಲ್ಕು ಕೆಲಸ ಒಟ್ಟಿಗೆ ಎದುರು ನಿಲ್ಲುತ್ತವೆ. ಅದಕ್ಕೇ ನನ್ನ ಪ್ರಶ್ನೆಗಳಲ್ಲಿ ನಾಲ್ಕು ಆಯ್ಕೆಯೂ ಮಾಡಬೇಕಾದ ಕೆಲಸಗಳೇ. ಯಾವುದು ಮೊದಲು ಅಂತಷ್ಟೇ ಕೇಳುತ್ತೇನೆ.

ಒಂದು ನೋಡಿ. ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಚ್ಚಿದೆ. ಕಾಲಿಗೆ ಬಟ್ಟೆ ಬಿಗಿದು ಕರೆತಂದಿದ್ದಾರೆ. ಕಟ್ಟು ಬಿಚ್ಚುವುದು, ಐವಿ ಲೈನ್ (ಔಷಧಿ ಕೊಡಲು ರಕ್ತನಾಳಕ್ಕೆ ಸಣ್ಣ ನಳಿಕೆ) ಹಾಕುವುದು, ಪರೀಕ್ಷೆಗೆ ರಕ್ತ ತೆಗೆಯುವುದು, ಉಸಿರಾಟ ನೋಡುವುದು. ಜಾಸ್ತಿ ಜನ ಕಟ್ಟಿಗೇ ಕೈ ಹಾಕುತ್ತಾರೆ. ಉತ್ತರ ಉಸಿರಾಟ. ನಾಗರಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಬಲ್ಲದು. ಕಟ್ಟನ್ನು ಲೈನ್ ಹಾಕಿದ ಮೇಲೆ, ಡಾಕ್ಟರ್ ಎದುರಿಗೇ, ನಿಧಾನವಾಗಿ ಸಡಿಲಿಸಬೇಕು. ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷ ಮೈಗೆ ನುಗ್ಗಬಹುದು.

ಅಲ್ಲಿಗೇ ಬಿಡುವುದಿಲ್ಲ. ರಕ್ತವನ್ನು ಯಾವ ಟ್ಯೂಬಿಗೆ ಹಾಕುತ್ತೀರಿ? ಒಣಗಿದ, ಹೊಸ ಗಾಜಿನ ಟ್ಯೂಬು. ಸುಮಾರು 2 ಎಂ.ಎಲ್. ರಕ್ತ. 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಒಂದು ಸಲ ವಾಲಿಸಿ ನೋಡಬೇಕು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ, ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವ ಕೊಳಕುಮಂಡಲದಂಥ ಹಾವು ಅನ್ನುವ ಅನುಮಾನ ಬಲವಾಗುತ್ತದೆ. ಸೋಪು ಹಾಕಿ ತೊಳೆದ ಟ್ಯೂಬಾದರೆ ಆ ಫಲಿತಾಂಶ ನಂಬುವ ಹಾಗಿಲ್ಲ. ಇದನ್ನು ಬಾಯಲ್ಲಿ ಹೇಳಿಸುವುದಿಲ್ಲ, ಟ್ಯೂಬು ಕೈಗೆ ಕೊಟ್ಟು ಮಾಡಿಸುತ್ತೇನೆ.

ಮಂಗನ ಕಾಯಿಲೆಯ ಪ್ರಶ್ನೆ ನಮ್ಮಲ್ಲಿ ಇರಲೇಬೇಕು. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜ್ವರ, ಮೈಕೈ ನೋವು, ವಸಡಿನಲ್ಲಿ ರಕ್ತ. ಮನೆಯವರು ಆಸ್ಪಿರಿನ್ ಕೊಡಲು ಹೊರಟಿದ್ದಾರೆ. ಏನು ಹೇಳುತ್ತೀರಿ? ಬೇಡ ಅಂದರೆ ಸಾಲದು. ಅದರಿಂದ ರಕ್ತಸ್ರಾವ ಜಾಸ್ತಿಯಾಗುತ್ತದೆ ಅಂತ ಅವರಿಗೆ ತಿಳಿಯುವ ಮಾತಿನಲ್ಲಿ ಬರೆಯಬೇಕು. ಆ ಎರಡು ಸಾಲಿಗೇ ನಾನು ಹೆಚ್ಚು ಅಂಕ ಇಟ್ಟಿದ್ದೇನೆ.

ಡ್ರಿಪ್ ಲೆಕ್ಕ ಸುಲಭ, ದಿನಾ ಒಂದು ಮಾಡಿದರೆ ಸಾಕು. 500 ಎಂ.ಎಲ್. ದ್ರವ 4 ಗಂಟೆಯಲ್ಲಿ ಹೋಗಬೇಕು, ಎಂ.ಎಲ್.ಗೆ 20 ಹನಿ ಬೀಳುವ ಡ್ರಿಪ್ ಸೆಟ್: ನಿಮಿಷಕ್ಕೆ ಸುಮಾರು 42 ಹನಿ.

ಸರಿ ಉತ್ತರಕ್ಕೆ ಸುಮ್ನೆ ಟಿಕ್ ಹಾಕಿದರೆ ನಾನು ಒಪ್ಪುವುದಿಲ್ಲ. ಉಳಿದ ಮೂರು ಯಾಕೆ ಆಮೇಲೆ ಅಂತಲೂ ಹೇಳಬೇಕು. ಈಗ ಮಕ್ಕಳೇ ಪೋಸ್ಟಿಂಗ್ (ವಾರ್ಡಿನ ತರಬೇತಿ) ಮುಗಿಸಿ ಬಂದು ಪ್ರಶ್ನೆ ಬರೆಯುತ್ತಾರೆ. ರೋಗಿಯ ಹೆಸರು, ಊರು, ಬೆಡ್ ನಂಬರ್ ಬರೆಯಬಾರದು ಅಂತ ಮಾತ್ರ ಖಡಾಖಂಡಿತವಾಗಿ ಹೇಳಿದ್ದೇನೆ.